ಟೂಲ್ ಪೋಸ್ಟ್ ಇಲ್ಲದ ಲೇತ್: ಮರದ ಪೆನ್ನು ಮಾಡಲು ಕಲಿತ ನನ್ನ ಅನುಭವ

ಪೀಣ್ಯದಲ್ಲಿ ಹದಿನಾಲ್ಕು ವರ್ಷ ಲೇತ್, ಅಂದರೆ ತುಂಡನ್ನು ತಿರುಗಿಸುತ್ತಾ ಕಡೆಯುವ ಮೆಷಿನ್ ಮುಂದೆ ನಿಂತವನು ನಾನು. ಮೈಲ್ಡ್ ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಎಲ್ಲ ಕಡೆದಿದ್ದೇನೆ. ಹಾಗಾಗಿ ಮರದ ಪೆನ್ನು ಅಂದರೆ ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಸರಿಯಾಗಿ ಬರೆಯುವ ಮೊದಲ ಪೆನ್ನು ಕೈಗೆ ಬರುವಷ್ಟರಲ್ಲಿ ಆರು ಭಾನುವಾರ ಕಳೆದಿತ್ತು, ಏಳು ತುಂಡು ಮರ ಕಸಕ್ಕೆ ಹೋಗಿತ್ತು.

ಲೋಹ ಕಡೆಯುವ ಲೇತ್‌ನಲ್ಲಿ ಟೂಲನ್ನು ಟೂಲ್ ಪೋಸ್ಟ್ ಹಿಡಿದುಕೊಳ್ಳುತ್ತದೆ, ಅದನ್ನು ಕ್ಯಾರೇಜ್ ಅತ್ತಿತ್ತ ಸರಿಸುತ್ತದೆ. ನಾವು ಹ್ಯಾಂಡಲ್ ತಿರುಗಿಸಿದರೆ ಸಾಕು. ಮರ ಕಡೆಯುವ ಲೇತ್‌ನಲ್ಲಿ ಟೂಲ್ ರೆಸ್ಟ್ ಅಂತ ಒಂದು ಕಬ್ಬಿಣದ ಪಟ್ಟಿ ಇರುತ್ತೆ, ಅಷ್ಟೇ. ಅದರ ಮೇಲೆ ಉಳಿ ಇಟ್ಟು ಹಿಡಿಯೋದು ನಮ್ಮ ಕೈ. ಕೈಯೇ ಟೂಲ್ ಪೋಸ್ಟ್, ಸೊಂಟವೇ ಕ್ಯಾರೇಜ್.

ತಾರಸಿ ಮೇಲಿನ ಸಣ್ಣ ರೂಮಿನಲ್ಲಿ ಒಂದು ಮಿನಿ ಲೇತ್ ಇಟ್ಟೆ. ಪೆನ್ನಿಗೆ ದೊಡ್ಡ ಮೆಷಿನ್ ಬೇಡ. ಡ್ರಿಲ್ ಬಿಟ್, ಅಂಟು, ಸ್ಯಾಂಡ್ ಪೇಪರ್ ಎಲ್ಲ ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಗಳ ಬೀದಿ ಎಸ್‌ಜೆಪಿ ರೋಡಿನಲ್ಲಿ ಸಿಕ್ಕಿತು. ಪೆನ್ನಿನ ಕಿಟ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಿದೆ. ಶುರು ಮಾಡುವವರು ಸಾಮಾನ್ಯವಾಗಿ ಸ್ಲಿಮ್‌ಲೈನ್ ಕಿಟ್ ತಗೊಳ್ತಾರೆ. ಅದರಲ್ಲಿ 7 ಮಿಲಿಮೀಟರಿನ ಎರಡು ಹಿತ್ತಾಳೆ ಕೊಳವೆ, ತುದಿ, ಕ್ಲಿಪ್, ತಿರುಗಿಸಿದರೆ ರೀಫಿಲ್ ಹೊರಬರುವ ಮೆಕ್ಯಾನಿಸಂ ಇರುತ್ತವೆ. ಮರದ ತುಂಡಿಗೆ ತೂತು ಕೊರೆದು, ಕೊಳವೆ ಅಂಟಿಸಿ, ಹೊರಗಿನಿಂದ ಕಡೆಯೋದು. ಹೇಳೋಕೆ ಇಷ್ಟೇ.

ಮರಕ್ಕೆ ದುಡ್ಡು ಕೊಡಲೇ ಇಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲು, ಕಿಟಕಿ ಮಾಡುವ ಆಚಾರ್ರ ಹತ್ತಿರ ತೇಗ, ಹಲಸು, ಹೊನ್ನೆ, ಬೀಟೆಯ ಚೂರುಗಳು ಬಿದ್ದಿರುತ್ತವೆ. ಮುಕ್ಕಾಲು ಇಂಚು ದಪ್ಪ, ಐದು ಇಂಚು ಉದ್ದ ಇದ್ದರೆ, ಅದನ್ನೇ ಎರಡಾಗಿ ಕೊಯ್ದರೆ ಒಂದು ಪೆನ್ನಾಯಿತು. ಹಸಿ ಮರ ಮಾತ್ರ ಬೇಡ. ಮಳೆಗಾಲದಲ್ಲಿ ಬಿದ್ದ ಕೊಂಬೆ ತಂದು ಆಸೆಯಿಂದ ಒಂದು ಪೆನ್ನು ಮಾಡಿದೆ. ಮರ ಒಣಗುತ್ತಾ ಕುಗ್ಗಿತು, ಒಳಗಿನ ಹಿತ್ತಾಳೆ ಕುಗ್ಗಲಿಲ್ಲ. ಎರಡು ವಾರಕ್ಕೆ ಉದ್ದಕ್ಕೂ ಸೀಳಿತು.

ಪೆನ್ನು ಕೆಡೋದು ಉಳಿ ಮುಟ್ಟಿಸುವ ಮೊದಲೇ. ನನ್ನ ಏಳು ತುಂಡುಗಳಲ್ಲಿ ಐದು ಹಾಳಾಗಿದ್ದು ತೂತು ಮತ್ತು ಅಂಟಿನ ಹಂತದಲ್ಲಿ. ಡ್ರಿಲ್ ಬಿಟ್ಟನ್ನು ಒಂದೇ ಸಮನೆ ಒತ್ತಿದರೆ ಹೊಟ್ಟು ಒಳಗೇ ತುಂಬಿಕೊಂಡು ಬಿಸಿಯಾಗುತ್ತೆ, ಮರ ಬಿರುಕು ಬಿಡುತ್ತೆ. ಸ್ವಲ್ಪ ಕೊರೆಯೋದು, ಪೂರ್ತಿ ಹೊರಗೆ ಎಳೆಯೋದು, ಮತ್ತೆ ಕೊರೆಯೋದು. ಆಚೆ ಕಡೆ ಬಿಟ್ ಹೊರಬರುವಾಗ ಮರ ಕಿತ್ತುಕೊಂಡು ಬರುತ್ತೆ. ಅದಕ್ಕೆ ತುಂಡನ್ನು ಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದ ಇಟ್ಟುಕೊಂಡು, ಬಿಟ್ ಆಚೆ ಬರುವ ಮುಂಚೆಯೇ ನಿಲ್ಲಿಸಿ, ಉಳಿದ ತುದಿಯನ್ನು ಗರಗಸದಲ್ಲಿ ಕೊಯ್ದರೆ ತೂತು ಚೊಕ್ಕವಾಗಿ ತೆರೆದುಕೊಳ್ಳುತ್ತೆ.

ಇನ್ನು ಅಂಟು. ಮೊದಲ ಸಲ ಸೂಪರ್ ಗ್ಲೂ ಹಚ್ಚಿ ಕೊಳವೆಯನ್ನು ಒಳಗೆ ತಳ್ಳಿದೆ. ಅರ್ಧಕ್ಕೆ ಹೋಗಿ ನಿಂತಿತು. ಅಷ್ಟೇ, ಕಥೆ ಮುಗಿಯಿತು. ಅರ್ಧ ಒಳಗೆ, ಅರ್ಧ ಹೊರಗೆ, ಕೊಡದ ಬಾಯಲ್ಲಿ ತಲೆ ಸಿಕ್ಕಿಸಿಕೊಂಡ ನಾಯಿ ಹಾಗೆ. ಇಕ್ಕಳದಲ್ಲಿ ಎಳೆದರೆ ಹಿತ್ತಾಳೆ ಚಪ್ಪಟೆಯಾಯಿತೇ ಹೊರತು ಬರಲಿಲ್ಲ. ಆಮೇಲಿಂದ ಎರಡು ಭಾಗ ಕಲಸುವ ಎಪಾಕ್ಸಿ ಬಳಸುತ್ತಿದ್ದೇನೆ. ಒಣಗಲು ಸಮಯ ಬೇಕು, ಆದರೆ ತಿರುಗಿಸುತ್ತಾ ನಿಧಾನಕ್ಕೆ ಒಳಗೆ ಕೂರಿಸಬಹುದು. ಕೊಳವೆಯನ್ನು ಮೊದಲು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಬೇಕು. ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಸರಿಯಾಗಿ ಹಿಡಿಯಲ್ಲ. ತೂತಿನ ಒಳಗೆ ಅಸಿಟೋನ್‌ನಲ್ಲಿ ಒರೆಸಿಕೊಂಡರೆ ಒಳ್ಳೆಯದು.

ಕೊಳವೆಯ ಒಳಕ್ಕೆ ಅಂಟು ನುಗ್ಗಬಾರದು. ಅದಕ್ಕೆ ಹಸಿ ಆಲೂಗಡ್ಡೆ ಹೋಳಿಗೆ ಕೊಳವೆಯ ತುದಿ ಚುಚ್ಚಿ ತೆಗೆದರೆ ಬಿರಡೆ ಹಾಗೆ ಆಲೂಗಡ್ಡೆ ಕೂರುತ್ತೆ. ಅಂಟು ಗಟ್ಟಿಯಾದ ಮೇಲೆ ತಳ್ಳಿ ತೆಗೆದರಾಯಿತು. ‘ಏನ್ರೀ ಇದು, ಆಲೂಗಡ್ಡೆಗೆ ಯಾವ ಹುಳ ಬಿದ್ದಿದೆ?’ ಅಂತ ಹೆಂಡತಿ ಅಡುಗೆಮನೆಯಿಂದ ಕೂಗಿದ ಮೇಲೆ ಒಂದನ್ನು ನನಗೆ ಅಂತಲೇ ಬೇರೆ ಇಟ್ಟುಕೊಂಡೆ.

ಅಂಟಿಸಿದ ಮೇಲೆ ತುಂಡಿನ ಎರಡೂ ತುದಿ ಹಿತ್ತಾಳೆಯ ಮಟ್ಟಕ್ಕೆ ಸಪಾಟಾಗಬೇಕು. ಅದಕ್ಕೆ ಬ್ಯಾರಲ್ ಟ್ರಿಮ್ಮರ್ ಅಂತ ಕಟ್ಟರ್ ಇದೆ. ಇಲ್ಲಿ ಸೋಮಾರಿತನ ಮಾಡಿದರೆ ಜೋಡಿಸುವಾಗ ಸಂದು ಕಾಣುತ್ತೆ.

ಆಮೇಲೆ ತುಂಡುಗಳನ್ನು ಮ್ಯಾಂಡ್ರೆಲ್ ಅನ್ನುವ ಸರಳಿಗೆ ಪೋಣಿಸಿ, ಮಧ್ಯೆ ಬುಷ್ ಅನ್ನುವ ಲೋಹದ ಬಳೆ ಹಾಕಿ ಬಿಗಿಯೋದು. ಕಾರ್ಖಾನೆಯ ಅಭ್ಯಾಸ, ನಾನು ಚೆನ್ನಾಗಿ ಬಿಗಿದೆ. ಮ್ಯಾಂಡ್ರೆಲ್ ತೆಳ್ಳಗಿನದು, ಕೂದಲೆಳೆಯಷ್ಟು ಬಾಗಿತು. ಪೆನ್ನಿನ ಒಂದು ಪಕ್ಕ ಮರ ದಪ್ಪ, ಇನ್ನೊಂದು ಪಕ್ಕ ತೆಳು. ಬೆರಳಲ್ಲಿ ತಿರುಗಿಸಿದಷ್ಟು ಬಿಗಿ ಸಾಕು.

ಉಳಿ ಹಿಡಿಯೋದನ್ನು ಕಲಿಸಿದ್ದು ಆಚಾರ್ರು. ಅವರು ಲೇತ್ ಕೆಲಸದವರಲ್ಲ, ಆದರೆ ಮರ ಗೊತ್ತು. ನನ್ನ ಮೂರನೇ ತುಂಡನ್ನು ನೋಡಿ, ‘ಏನ್ ಸಾರ್, ಉಳೀಲಿ ಕಡೆದ್ರೋ, ಹಲ್ಲಲ್ಲಿ ಕಡಿದ್ರೋ?’ ಅಂದರು. ಮೈಯೆಲ್ಲ ನಾರು ಕಿತ್ತುಬಂದಿತ್ತು. ನನ್ನ ಗೌಜ್‌ನ, ಅಂದರೆ ದೋಣಿಯಂತೆ ಒಳಬಾಗಿದ ಉಳಿಯ, ಅಂಚನ್ನು ಉಗುರಿನ ಮೇಲಿಟ್ಟರು. ಜಾರಿತು. ‘ಉಗುರನ್ನು ಹಿಡಿಯದ ಉಳಿ ಮರ ಹಿಡಿಯುತ್ತಾ?’ ಲೋಹದ ಟೂಲಿನ ತುದಿಗೆ ಹಾಕುವ ಕಾರ್ಬೈಡ್ ಇನ್ಸರ್ಟ್ ಮೊಂಡಾದರೆ ತಿರುಗಿಸಿ ಹಾಕಿ ಅಭ್ಯಾಸ ಆದವನಿಗೆ ಸಾಣೆ ಹಿಡಿಯುವ ತಾಳ್ಮೆ ಎಲ್ಲಿಂದ ಬರಬೇಕು? ಈಗ ಒಂದು ಪೆನ್ನಿಗೆ ಎರಡು ಸಲವಾದರೂ ಹಿಡಿಯುತ್ತೇನೆ. ಉಳಿಯ ಹಿಂಬದಿ ಮೊದಲು ಮರಕ್ಕೆ ತಾಗಬೇಕು, ಆಮೇಲೆ ಹಿಡಿಯನ್ನು ನಿಧಾನಕ್ಕೆ ಎತ್ತಿದರೆ ಅಂಚು ತಾನಾಗಿ ಕಚ್ಚುತ್ತೆ. ಸರಿ ಇದ್ದಾಗ ಸುರುಳಿ ಸುರುಳಿಯಾಗಿ ಹೊಟ್ಟು ಬರುತ್ತೆ, ‘ಸ್ಸ್’ ಅಂತ ಒಂದೇ ಸದ್ದು. ‘ಟಕ ಟಕ’ ಅಂದರೆ ನಿಲ್ಲಿಸಿ.

ತುಂಬು ತೋಳಿನ ಅಂಗಿ ಬೇಡ, ಮುಖಕ್ಕೆ ಶೀಲ್ಡ್ ಬೇಕು. ಮಾಸ್ಕ್ ಕೂಡ. ಬೀಟೆಯ ಧೂಳು ಕೆಲವರಿಗೆ ಅಲರ್ಜಿ ಮಾಡುತ್ತೆ, ನನಗೆ ಕೈಯೆಲ್ಲ ಕಡಿತ ಬಂತು.

ಹೊಳಪಿನ ವಿಷಯದಲ್ಲಿ ನನಗೆ ಚನ್ನಪಟ್ಟಣದ ಹುಚ್ಚಿತ್ತು. ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಹೋದರೆ ಊರು. ಅಲ್ಲಿ ಲೇತ್‌ನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತೆ, ಕೇದಗೆ ಎಲೆಯಲ್ಲಿ ತಿಕ್ಕಿದರೆ ಕನ್ನಡಿ. ನಾನೂ ಹಲಸಿನ ಪೆನ್ನಿಗೆ ಅರಗು ಹಚ್ಚಿ ಸಹೋದ್ಯೋಗಿಗೆ ಕೊಟ್ಟೆ. ಅವನು ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿಕೊಳ್ಳುವ ಆಸಾಮಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ತಿಂಗಳಲ್ಲಿ ಪೆನ್ನು ಅಂಟಂಟಾಗಿ ವಾಪಸ್ ಬಂತು.

ಹಾಗಾಗಿ ಈಗ 150 ನಂಬರಿನ ಒರಟಿನಿಂದ 600ರ ನಯದವರೆಗೆ ಸ್ಯಾಂಡ್ ಪೇಪರ್ ಹಿಡಿದು, ಅದೇ ಸೂಪರ್ ಗ್ಲೂವನ್ನು ತೆಳ್ಳಗೆ ಎಂಟು ಹತ್ತು ಪದರ ಹಚ್ಚುತ್ತೇನೆ. ಒಳಗೆ ಬೇಡವಾದದ್ದು ಹೊರಗೆ ಬೇಕಾಯಿತು! ಹಚ್ಚೋಕೆ ಟಿಶ್ಯೂ ಪೇಪರ್ ಮಾತ್ರ. ಒಮ್ಮೆ ಹಳೇ ಬನಿಯನ್ ಚೂರಿನಲ್ಲಿ ಹಚ್ಚಿದೆ. ಹತ್ತಿ ಈ ಅಂಟನ್ನು ಹೀರಿದರೆ ಜೋರಾಗಿ ಬಿಸಿಯಾಗುತ್ತೆ. ಬೆರಳು ಚುರ್ರೆಂದು, ಬಟ್ಟೆಯಿಂದ ಹೊಗೆ ಬಂತು. ಕಿಟಕಿ ತೆರೆದಿರಲಿ, ಅದರ ಆವಿ ಕಣ್ಣಿಗೆ ಉರಿ.

ಜೋಡಿಸೋಕೆ ಬೆಂಚ್ ವೈಸ್ ಸಾಕು, ದವಡೆಗೆ ಮರದ ಪಟ್ಟಿ ಕೊಟ್ಟು ಒತ್ತಬೇಕು. ಮೆಕ್ಯಾನಿಸಂ ಅನ್ನು ಸ್ವಲ್ಪ ಸ್ವಲ್ಪವೇ ಒತ್ತಿ, ನಡುನಡುವೆ ರೀಫಿಲ್ ಹಾಕಿ ನೋಡಿ. ಜಾಸ್ತಿ ಒಳಗೆ ಹೋದರೆ ರೀಫಿಲ್ ತುದಿ ಯಾವಾಗಲೂ ಹೊರಗೇ ಇಣುಕುತ್ತಿರುತ್ತೆ, ಜೇಬಿನಲ್ಲಿ ಶಾಯಿ ಗೀಚುತ್ತೆ. ಇನ್ನೊಂದು ವಿಷಯ, ಸ್ಲಿಮ್‌ಲೈನ್‌ಗೆ ಕ್ರಾಸ್ ಕಂಪನಿಯ ಮಾದರಿಯ ರೀಫಿಲ್ ಬೇಕು. ನಮ್ಮ ಏರಿಯಾದ ಅಂಗಡಿಗಳಲ್ಲಿ ಪಾರ್ಕರ್ ಮಾದರಿಯದು ಸಿಗುವಷ್ಟು ಸುಲಭವಾಗಿ ಇದು ಸಿಗಲ್ಲ. ಅದಕ್ಕೇ ಯಾರಿಗೆ ಪೆನ್ನು ಕೊಟ್ಟರೂ ಜೊತೆಗೆ ಎರಡು ರೀಫಿಲ್ ಕೊಟ್ಟುಬಿಡುತ್ತೇನೆ.