ಕಾಲೇಜಿನಿಂದ ವಾಪಸ್ ಬಂದ ದುಡ್ಡು ಮತ್ತು ನಮ್ಮನೆ ಟ್ಯಾಕ್ಸ್ ರಿಟರ್ನ್

2024ರ ಮಾರ್ಚ್ 22. ಮಗಳು ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ಫೋನ್ ನೋಡಿ, "ಅಮ್ಮಾ, ಕಾಲೇಜಿನವರು ದುಡ್ಡು ವಾಪಸ್ ಹಾಕಿದ್ದಾರೆ" ಅಂದಳು. 2,250 ಡಾಲರ್. ನಮ್ಮನೆಯವರಿಗೆ ಖುಷಿ. ನನಗೆ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ. ಅದೇ ಫೀಸನ್ನು ತೋರಿಸಿ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ಟ್ಯಾಕ್ಸಿನಲ್ಲೇ ಸಿಗುವ ಕಡಿತ) ತೆಗೆದುಕೊಂಡು, ರಿಟರ್ನ್ ಕಳಿಸಿ ಆಗಲೇ ಐದು ವಾರ ಆಗಿತ್ತು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಟ್ಯಾಕ್ಸ್ ರಿಟರ್ನ್ ಹದಿನೈದು ವರ್ಷದಿಂದ ನಾನೇ ಮಾಡುತ್ತಿದ್ದೇನೆ. ನಾನು ಅಕೌಂಟೆಂಟ್ ಅಲ್ಲ, ಲೆಕ್ಕ ಇಷ್ಟ ಅಷ್ಟೇ. ನಮ್ಮಪ್ಪ ಮೈಸೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಐದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಬರುತ್ತಿರಲಿಲ್ಲ. ಆ ರೋಗ ನನಗೂ ಬಂದಿದೆ.

ಮೊದಲು ಆಗಿದ್ದೇನು ಅಂತ ಹೇಳುತ್ತೇನೆ. ಮಗಳು 2023ರ ಆಗಸ್ಟಿನಲ್ಲಿ ಹತ್ತಿರದ ಕೌಂಟಿ ಕಾಲೇಜಿಗೆ ಸೇರಿದಳು. ಮೊದಲ ಸೆಮಿಸ್ಟರ್ ಫೀಸು 2,300 ಡಾಲರ್. ಜನವರಿಯಲ್ಲಿ ಶುರುವಾಗುವ ಎರಡನೇ ಸೆಮಿಸ್ಟರಿಗೆ ಇನ್ನೊಂದು 2,300. ಅದರ ಬಿಲ್ ಡಿಸೆಂಬರಿನಲ್ಲೇ ಬಂತು, ಡಿಸೆಂಬರಿನಲ್ಲೇ ಕಟ್ಟಿದೆ. ಇಲ್ಲಿ ಒಂದು ಅನುಕೂಲ ಇದೆ. ಮುಂದಿನ ವರ್ಷದ ಮೊದಲ ಮೂರು ತಿಂಗಳಲ್ಲಿ ಶುರುವಾಗುವ ಸೆಮಿಸ್ಟರಿಗೆ ಈ ವರ್ಷವೇ ಕಟ್ಟಿದರೆ, ಅದು ಈ ವರ್ಷದ ಖರ್ಚಿಗೇ ಸೇರುತ್ತದೆ. ಹಾಗಾಗಿ ಕಟ್ಟಿದ ಫೀಸಿನ ಲೆಕ್ಕ ತೋರಿಸಿ ಕಾಲೇಜು ಕಳಿಸಿದ 1098-ಟಿ ಫಾರ್ಮಿನ ಬಾಕ್ಸ್ 1ರಲ್ಲಿ 4,600 ಅಂತ ಬಂದಿತ್ತು. ಬಾಕ್ಸ್ 7ರಲ್ಲಿ ಟಿಕ್ ಗುರುತೂ ಇತ್ತು. ಜನವರಿಯಿಂದ ಮಾರ್ಚ್ ಒಳಗೆ ಶುರುವಾಗುವ ಸೆಮಿಸ್ಟರಿನ ಹಣವೂ ಇದರಲ್ಲಿ ಸೇರಿದೆ ಅಂತ ಅದರ ಅರ್ಥ. ಜೊತೆಗೆ ಕೋರ್ಸಿನ ಪುಸ್ತಕಕ್ಕೆ 250 ಡಾಲರ್ ಆಗಿತ್ತು. ಅವನ್ನು ಕಾಲೇಜಿನಲ್ಲೇ ಕೊಂಡಿರಬೇಕು ಅಂತೇನಿಲ್ಲ. ನಾವು ಆನ್‌ಲೈನ್‌ನಲ್ಲಿ ತರಿಸಿ ರಶೀದಿ ಇಟ್ಟಿದ್ದೆವು. ಒಟ್ಟು 4,850.

ನಾವು ತೆಗೆದುಕೊಂಡಿದ್ದು ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್. ಕಾಲೇಜಿನ ಮೊದಲ ನಾಲ್ಕು ವರ್ಷಕ್ಕೆ ಸಿಗುವುದು. ಲೆಕ್ಕ ಸುಲಭ: ಮೊದಲ 2,000 ಡಾಲರ್ ಖರ್ಚಿಗೆ ಪೂರ್ತಿ 2,000, ಅದರ ಮೇಲಿನ 2,000ಕ್ಕೆ ಕಾಲು ಭಾಗ, ಅಂದರೆ 500. ಹೆಚ್ಚೆಂದರೆ 2,500. ನಾಲ್ಕು ಸಾವಿರದ ಮೇಲೆ ಎಷ್ಟು ಖರ್ಚು ಮಾಡಿದರೂ ಈ ಕ್ರೆಡಿಟ್ ಬೆಳೆಯುವುದಿಲ್ಲ. ಗಂಡ ಹೆಂಡತಿ ಸೇರಿ ರಿಟರ್ನ್ ಹಾಕುವವರಿಗೆ ಆದಾಯ 1,60,000 ದಾಟಿದರೆ ಇದು ಕರಗುತ್ತಾ ಹೋಗಿ, 1,80,000ಕ್ಕೆ ಪೂರ್ತಿ ನಿಲ್ಲುತ್ತದೆ. ಇಬ್ಬರೂ ಐಟಿಯಲ್ಲಿರುವ ನಮ್ಮ ಸ್ನೇಹಿತರು ಬಹಳ ಮಂದಿಗೆ ಇದು ಸಿಗುವುದೇ ಇಲ್ಲ. ಕ್ರೆಡಿಟ್ ತೆಗೆದುಕೊಳ್ಳದವರಿಗೆ, 529 ಅನ್ನುವ ಓದಿನ ಉಳಿತಾಯ ಖಾತೆಯಿಂದಲೂ ಕಟ್ಟದವರಿಗೆ, ನಾನು ಮುಂದೆ ಹೇಳುವ ತಾಪತ್ರಯವೂ ಇಲ್ಲ. ನನ್ನದು ಅರ್ಧ ದಿನದ ಕೆಲಸ, ಆದ್ದರಿಂದ ನಮಗೆ ಪೂರ್ತಿ ಸಿಕ್ಕಿತು. ಫೆಬ್ರವರಿ ಮಧ್ಯದಲ್ಲೇ ಈ ಕ್ರೆಡಿಟ್ ಕೇಳುವ ಫಾರ್ಮ್ 8863 ತುಂಬಿಸಿ, 2,500 ಬರೆದು, ರಿಟರ್ನ್ ಕಳಿಸಿಬಿಟ್ಟೆ.

ಮಗಳು ಅಷ್ಟರಲ್ಲಿ ಹುಷಾರು ತಪ್ಪಿದ್ದಳು. ಜನವರಿ ಕೊನೆಗೆ ಜ್ವರ, ವಿಪರೀತ ಸುಸ್ತು. ಡಾಕ್ಟರು ಈ ಸೆಮಿಸ್ಟರ್ ಬಿಡುವುದೇ ಒಳ್ಳೆಯದು ಅಂದರು. ಅವರ ಪತ್ರ ಇಟ್ಟು ಕಾಲೇಜಿಗೆ ಅರ್ಜಿ ಕೊಟ್ಟೆವು. ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅಂತ ಆಗ ನಾನು ಯೋಚಿಸಿರಲಿಲ್ಲ. ಮಗು ಮಲಗಿರುವಾಗ ಫೀಸಿನ ಚಿಂತೆ ಯಾರಿಗೆ? ಆದರೆ ರಿಟರ್ನ್ ಕಳಿಸುವ ಆತುರ ಮಾತ್ರ ಇತ್ತು ನೋಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಜ್ಜಿ ಹೇಳುತ್ತಿದ್ದಳು. ಏಪ್ರಿಲ್ 15ರವರೆಗೂ ಸಮಯ ಇತ್ತು. ಕಾಯ್ದಿದ್ದರೆ 4,850ರಲ್ಲಿ 2,250 ಕಳೆದು, ಉಳಿದದ್ದನ್ನು 8863ರಲ್ಲಿ ಬರೆದರೆ ಮುಗಿಯುತ್ತಿತ್ತು.

ಏಪ್ರಿಲಿನಲ್ಲಿ ಯುಗಾದಿ ಊಟಕ್ಕೆ ಕನ್ನಡ ಸಂಘಕ್ಕೆ ಹೋಗಿದ್ದೆವು. ಹೋಳಿಗೆ ಬಡಿಸಿಕೊಳ್ಳುವ ಸಾಲಿನಲ್ಲಿ ಪರಿಚಯದವರೊಬ್ಬರಿಗೆ ವಿಷಯ ಹೇಳಿದೆ. "ಅಯ್ಯೋ ಮೇಡಂ, ಬೇಗ 1040-ಎಕ್ಸ್ ಹಾಕಿ, ರಿಟರ್ನ್ ತಿದ್ದಿಬಿಡಿ" ಅಂದರು. ಇನ್ನೊಬ್ಬರು, "ವಾಪಸ್ ಬಂದ 2,250 ನಿಮ್ಮ ಆದಾಯ ಆಗುತ್ತೆ, ಅದಕ್ಕೆ ಟ್ಯಾಕ್ಸ್ ಕಟ್ಟಬೇಕು" ಅಂದರು. ಮನೆಗೆ ಬಂದರೆ ನಮ್ಮನೆಯವರದು ಮೂರನೇ ವಾದ. "ದುಡ್ಡು ಬಂದಿದ್ದು ಅವಳ ಅಕೌಂಟಿಗೆ. ನಮ್ಮ ರಿಟರ್ನಿಗೂ ಅದಕ್ಕೂ ಏನು ಸಂಬಂಧ?"

ಮೂರೂ ತಪ್ಪು. ಆ ರಾತ್ರಿ ಅಮೆರಿಕದ ಟ್ಯಾಕ್ಸ್ ಇಲಾಖೆಯಾದ ಐಆರ್‌ಎಸ್‌ನ ಪಬ್ಲಿಕೇಶನ್ 970 ಅನ್ನುವ ಕೈಪಿಡಿ ತೆಗೆದು ಕೂತೆ. ಅದರಲ್ಲಿ ರಿಫಂಡ್ ಬಗ್ಗೆ ಇರುವುದು ಸ್ವಲ್ಪವೇ, ಆದರೆ ಸ್ಪಷ್ಟವಾಗಿದೆ. ಕಟ್ಟಿದ ವರ್ಷದಲ್ಲೇ ಹಣ ವಾಪಸ್ ಬಂದರೆ ಆ ವರ್ಷದ ಖರ್ಚಿನಿಂದ ಕಳೆಯಬೇಕು. ವರ್ಷ ಮುಗಿದ ಮೇಲೆ ಬಂದು, ರಿಟರ್ನ್ ಇನ್ನೂ ಕಳಿಸಿಲ್ಲದಿದ್ದರೆ, ಆಗಲೂ ಹಳೇ ವರ್ಷದ ಖರ್ಚಿನಿಂದಲೇ ಕಳೆಯಬೇಕು. ರಿಟರ್ನ್ ಕಳಿಸಿದ ಮೇಲೆ ಬಂದರೆ ಮಾತ್ರ ದಾರಿ ಬೇರೆ. ಹಳೇ ರಿಟರ್ನ್ ಮುಟ್ಟುವ ಹಾಗಿಲ್ಲ. ಆ ಖರ್ಚು ಕಡಿಮೆಯಾಗಿದ್ದರೆ ಕ್ರೆಡಿಟ್ ಎಷ್ಟು ಬರುತ್ತಿತ್ತು ಅಂತ ಹೊಸದಾಗಿ ಲೆಕ್ಕ ಹಾಕಬೇಕು. ಜಾಸ್ತಿ ತೆಗೆದುಕೊಂಡಿದ್ದನ್ನು, ಹಣ ವಾಪಸ್ ಬಂದ ವರ್ಷದ ಟ್ಯಾಕ್ಸಿಗೆ ಸೇರಿಸಿ ಕಟ್ಟಬೇಕು. ಇದಕ್ಕೆ ರೀಕ್ಯಾಪ್ಚರ್ ಅಂತ ಹೆಸರು. ಹೆಸರು ಕೇಳಿದರೆ ಪೊಲೀಸರು ಬಂದು ಹಿಡಿದುಕೊಂಡು ಹೋಗುವ ಹಾಗಿದೆ.

ಹಳೇ ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿದೆ. 4,850ರಲ್ಲಿ 2,250 ಕಳೆದರೆ 2,600. ಮೊದಲ 2,000ಕ್ಕೆ 2,000. ಮಿಕ್ಕ 600ಕ್ಕೆ ಕಾಲು ಭಾಗ, 150. ಒಟ್ಟು 2,150. ನಾವು ತೆಗೆದುಕೊಂಡಿದ್ದು 2,500. ವ್ಯತ್ಯಾಸ 350 ಡಾಲರ್. ಅಷ್ಟೇ! ವಾಪಸ್ ಬಂದಿದ್ದು 2,250, ಸರ್ಕಾರಕ್ಕೆ ಹಿಂತಿರುಗಿಸಬೇಕಾಗಿದ್ದು 350. ನಮ್ಮದೇ ದುಡ್ಡು ನಮಗೆ ಬಂದರೆ ಅದು ಆದಾಯ ಹೇಗಾಗುತ್ತೆ? ಒಂದೇ ಕೋರ್ಸ್ ಬಿಟ್ಟು ನಾಲ್ಕೈದು ನೂರು ಬಂದಿದ್ದರೆ ಏನೂ ಕೊಡಬೇಕಾಗಿರಲಿಲ್ಲ, ಯಾಕೆಂದರೆ ಖರ್ಚು ಆಗಲೂ ನಾಲ್ಕು ಸಾವಿರದ ಮೇಲೇ ಇರುತ್ತಿತ್ತು. ಅದೇ ಉಳಿದ ಖರ್ಚು ಎರಡು ಸಾವಿರಕ್ಕಿಂತ ಕೆಳಗೆ ಇಳಿದಿದ್ದರೆ, ಅಲ್ಲಿಂದ ಕೆಳಗೆ ಒಂದೊಂದು ಡಾಲರಿಗೂ ಒಂದೊಂದು ಡಾಲರ್ ಹೋಗುತ್ತಿತ್ತು. ಪುಸ್ತಕದ ಆ 250ರ ರಶೀದಿ ನಮಗೆ 62 ಡಾಲರ್ 50 ಸೆಂಟ್ ಉಳಿಸಿತು. ರಶೀದಿಗಳನ್ನು ಹಳೇ ಬಿಸ್ಕತ್ ಡಬ್ಬದಲ್ಲಿ ಹಾಕಿಡುವುದಕ್ಕೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ.

ನಮ್ಮನೆಯವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಣ ಯಾರ ಖಾತೆಗೆ ಬಂತು ಅನ್ನುವುದು ಮುಖ್ಯ ಅಲ್ಲ. ಮಗಳನ್ನು ಅವಲಂಬಿತಳು ಅಂತ ತೋರಿಸಿ ಕ್ರೆಡಿಟ್ ತೆಗೆದುಕೊಂಡವರು ನಾವು, ಆದ್ದರಿಂದ ವಾಪಸ್ ಕೊಡಬೇಕಾದವರೂ ನಾವೇ.

ಕಷ್ಟ ಅಂದರೆ ಈ ವಿಷಯವನ್ನು ಮುಂದಿನ ಏಪ್ರಿಲ್‌ವರೆಗೂ ನೆನಪಿಟ್ಟುಕೊಳ್ಳಬೇಕು. ಹಣ ಬಂದಿದ್ದು 2024ರಲ್ಲಿ, ಬರೆಯಬೇಕಾಗಿದ್ದು 2024ರ ರಿಟರ್ನಿನಲ್ಲಿ, ಅದನ್ನು ಕಳಿಸುವುದು 2025ರಲ್ಲಿ. ಒಂದು ಲಕೋಟೆಯ ಮೇಲೆ ದೊಡ್ಡದಾಗಿ "350 ಕೊಡಬೇಕು" ಅಂತ ಕನ್ನಡದಲ್ಲಿ ಬರೆದೆ. ಒಳಗೆ ಕಾಲೇಜಿನ ಖಾತೆಯ ವಿವರ, ಬ್ಯಾಂಕಿನ ಸ್ಟೇಟ್‌ಮೆಂಟ್, ನೋಟ್‌ಬುಕ್ಕಿನ ಆ ಹಾಳೆ ಇಟ್ಟೆ. ಮರೆಯದೆ ಇದ್ದಿದ್ದು ಅದರಿಂದಲೇ.

2025ರ ಜನವರಿಯಲ್ಲಿ ಕೌಂಟಿ ಕಾಲೇಜಿನಿಂದ ಹೊಸ 1098-ಟಿ ಬಂತು. ಬಾಕ್ಸ್ 1 ಖಾಲಿ. ಬಾಕ್ಸ್ 4ರಲ್ಲಿ 2,250. ಹಿಂದಿನ ವರ್ಷದ ಲೆಕ್ಕದಲ್ಲಿ ಆದ ಬದಲಾವಣೆ ಬರುವುದು ಆ ಬಾಕ್ಸಿನಲ್ಲೇ. ಇದೇ ಫಾರ್ಮಿನ ಬಾಕ್ಸ್ 6 ಕೂಡ ಹಾಗೇ, ಹಿಂದಿನ ವರ್ಷದ ಸ್ಕಾಲರ್‌ಶಿಪ್ಪಿನಲ್ಲಿ ಬದಲಾವಣೆ ಆದರೆ ಅಲ್ಲಿ ಕಾಣುತ್ತದೆ. ಬಹಳ ಜನ ಬಾಕ್ಸ್ 1 ಮತ್ತು 5 ನೋಡಿ ಕಾಗದ ಮಡಚಿಡುತ್ತಾರೆ. ಮೊದಲ ವರ್ಷ ನಾನೂ ಹಾಗೇ ಮಾಡಿದ್ದೆ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಮಗಳು ಹುಷಾರಾಗಿ 2024ರ ಆಗಸ್ಟಿನಲ್ಲಿ ರಾಜ್ಯದ ಯೂನಿವರ್ಸಿಟಿಗೆ ಸೇರಿದ್ದಳು. ಅಲ್ಲಿಂದ ಬಂದ 1098-ಟಿ ಬೇರೆ. ಆ ವರ್ಷದ ಹೊಸ ಫೀಸಿನಿಂದ 2,250 ಕಳೆದುಬಿಡಲು ಹೊರಟಿದ್ದೆ. ಸರಿ ಅನ್ನಿಸಿತ್ತು ಕೂಡ. ಆದರೆ ಆ 2,250 ಯಾವತ್ತಿಗೂ 2023ರ ಖರ್ಚಿಗೆ ಸೇರಿದ್ದು. ಹೊಸ ವರ್ಷದ ಖರ್ಚಿನ ತಂಟೆಗೆ ಹೋಗಬಾರದು. ಹಾಗಾಗಿ ಒಂದೇ ರಿಟರ್ನಿನಲ್ಲಿ ಎರಡು ಕೆಲಸ ಆಯಿತು. 8863ರಲ್ಲಿ ಹೊಸ ಯೂನಿವರ್ಸಿಟಿಯ ಫೀಸಿಗೆ ಪೂರ್ತಿ 2,500 ಕ್ರೆಡಿಟ್. ರಿಟರ್ನಿನ ಮುಖ್ಯ ಫಾರ್ಮ್ ಆದ 1040ರ ಸಾಲು 16ರಲ್ಲಿ ಮೂರನೇ ಚೌಕಕ್ಕೆ ಟಿಕ್ ಹಾಕಿ, 350 ಅಂತ ಬರೆದು, ಪಕ್ಕದಲ್ಲಿ ಇ, ಸಿ, ಆರ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ಎಜುಕೇಶನ್ ಕ್ರೆಡಿಟ್ ರೀಕ್ಯಾಪ್ಚರ್ ಅನ್ನುವುದರ ಚಿಕ್ಕ ರೂಪ. ಸಾಫ್ಟ್‌ವೇರಿನಲ್ಲಿ ಆ ಚೌಕ ಎಲ್ಲಿ ಅಡಗಿದೆ ಅಂತ ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಲೆಕ್ಕಕ್ಕೆ ಹಿಡಿದಿದ್ದು ಐದು ನಿಮಿಷ.

ಬೆಂಗಳೂರಿನ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾನೆ. "ಇಲ್ಲಿ ಸ್ಕೂಲಿನ ಟ್ಯೂಷನ್ ಫೀಸಿನ ರಶೀದಿ ಆಫೀಸಿಗೆ ಕೊಟ್ಟರೆ, ಹಳೇ ಟ್ಯಾಕ್ಸ್ ಪದ್ಧತಿಯಲ್ಲಿದ್ದವರಿಗೆ ಆದಾಯದಿಂದ ಕಳೆಯುತ್ತಾರೆ, ಮುಗಿಯಿತು ಕಣಕ್ಕಾ. ಹಾಸ್ಟೆಲ್ಲು, ಡೊನೇಷನ್ನು ಮಾತ್ರ ಬರಲ್ಲ" ಅಂದ. ಹಾಸ್ಟೆಲ್ ವಿಷಯ ಇಲ್ಲೂ ಹಾಗೇ. ಊಟ ವಸತಿಯ ಖರ್ಚು ಈ ಕ್ರೆಡಿಟ್ಟಿಗೆ ಬರುವುದಿಲ್ಲ. ಆದರೆ 529 ಪ್ಲಾನಿಗೆ ಬರುತ್ತದೆ. ಅದರಿಂದಲೇ ಎರಡನೇ ಕಥೆ ಹುಟ್ಟಿದ್ದು.

ಯೂನಿವರ್ಸಿಟಿಯಲ್ಲಿ ಡಾರ್ಮ್ (ಇಲ್ಲಿನ ಹಾಸ್ಟೆಲ್) ಮತ್ತು ಊಟದ ಹಣವನ್ನು 529ರಿಂದ ಕಟ್ಟಿದ್ದೆವು. ಮಕ್ಕಳ ಓದಿಗೆ ಕೂಡಿಡುವ ಖಾತೆ ಅದು. ಓದಿನ ಖರ್ಚಿಗೆ ತೆಗೆದರೆ ಬೆಳೆದ ಲಾಭಕ್ಕೂ ಟ್ಯಾಕ್ಸ್ ಇಲ್ಲ. ಟ್ಯೂಷನ್ನಿನಲ್ಲಿ ಮೊದಲ ನಾಲ್ಕು ಸಾವಿರವನ್ನು ಬೇಕಂತಲೇ ಬ್ಯಾಂಕಿನಿಂದ ಕಟ್ಟಿದ್ದೆ, ಯಾಕೆಂದರೆ ಒಂದೇ ಖರ್ಚನ್ನು 529ಕ್ಕೂ ಕ್ರೆಡಿಟ್ಟಿಗೂ ಎರಡು ಕಡೆ ತೋರಿಸುವ ಹಾಗಿಲ್ಲ. ಮೂರೇ ವಾರಕ್ಕೆ ಮಗಳು ಡಾರ್ಮ್ ಬೇಡ ಅಂದಳು. ರಾತ್ರಿ ಎರಡು ಗಂಟೆವರೆಗೂ ಗಲಾಟೆ, ನಿದ್ದೆ ಇಲ್ಲ, ಮತ್ತೆ ಸುಸ್ತು ಶುರುವಾದೀತು ಅಂತ ನಮಗೂ ಭಯ. ಮನೆಯಿಂದಲೇ ಓಡಾಡುತ್ತೇನೆ ಅಂದಳು. ಸೆಪ್ಟೆಂಬರ್ 9ಕ್ಕೆ 3,100 ಡಾಲರ್ ವಾಪಸ್ ಬಂತು.

ಕ್ರೆಡಿಟ್ಟಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ಇದ್ದುಬಿಟ್ಟಿದ್ದರೆ ಪೆಟ್ಟು ಬೀಳುತ್ತಿದ್ದುದು 529ರ ಕಡೆಯಿಂದ. ತೆಗೆದ 3,100ಕ್ಕೆ ಓದಿನ ಖರ್ಚೇ ಇಲ್ಲ ಅಂತಾಗಿ, ಅದರಲ್ಲಿರುವ ಲಾಭದ ಭಾಗಕ್ಕೆ ಟ್ಯಾಕ್ಸ್, ಮೇಲೆ ಶೇಕಡ 10 ಹೆಚ್ಚುವರಿ. ಇದಕ್ಕೆ 2015ರ ಕಾನೂನೊಂದು ದಾರಿ ಮಾಡಿಕೊಟ್ಟಿದೆ. ವಾಪಸ್ ಬಂದ ದಿನದಿಂದ 60 ದಿನದೊಳಗೆ ಅದೇ ಮಗುವಿನ 529ಕ್ಕೆ ಹಣ ಮತ್ತೆ ಹಾಕಿದರೆ ಏನೂ ಆಗಿಲ್ಲ ಅಂತ ಲೆಕ್ಕ. ಬಂದಿದ್ದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ನಮಗೆ ನವೆಂಬರ್ 8 ಕೊನೆಯ ದಿನ. ಈ ಸಲ ಆತುರ ಕೆಲಸಕ್ಕೆ ಬಂತು, ಅಕ್ಟೋಬರ್ 4ಕ್ಕೇ ಕಳಿಸಿದೆ. ಬರೀ ದುಡ್ಡು ಕಳಿಸಿದರೆ ಪ್ಲಾನಿನವರು ಹೊಸ ಉಳಿತಾಯ ಅಂತ ಬರೆದುಕೊಂಡುಬಿಡಬಹುದು. ಅದಕ್ಕೆ ಒಂದು ಪತ್ರ ಇಟ್ಟೆ: ಇದು ಕಾಲೇಜಿನಿಂದ ಇಂಥ ದಿನ ವಾಪಸ್ ಬಂದ ಹಣ, ಮತ್ತೆ ಹಾಕುತ್ತಿದ್ದೇವೆ. ಜೊತೆಗೆ ಕಾಲೇಜಿನ ರಿಫಂಡ್ ಕಾಗದದ ಪ್ರತಿ.

ಜನವರಿಯಲ್ಲಿ 529 ಪ್ಲಾನಿನವರಿಂದ ಬಂದ 1099-ಕ್ಯೂ ಫಾರ್ಮಿನಲ್ಲಿ ತೆಗೆದ ಹಣ ಪೂರ್ತಿಯೇ ಇತ್ತು. ಮತ್ತೆ ಹಾಕಿದ್ದು ಅದರಲ್ಲಿ ಕಾಣಲಿಲ್ಲ. ಒಂದು ಕ್ಷಣ ಎದೆ ಧಸಕ್ ಅಂದಿತು. ಆಮೇಲೆ ಆ ಪತ್ರ, ರಿಫಂಡ್ ಕಾಗದ, ಖಾತೆಗೆ ಹಣ ಬಂದ ತಾರೀಕಿನ ಸ್ಟೇಟ್‌ಮೆಂಟ್ ಮೂರನ್ನೂ ಸೇರಿಸಿ ಪಿನ್ ಹೊಡೆದು ಬಿಸ್ಕತ್ ಡಬ್ಬಕ್ಕೆ ಹಾಕಿದೆ. ಯಾರಾದರೂ ಕೇಳಿದರೆ ತೋರಿಸಬೇಕು. ಇದುವರೆಗೂ ಯಾರೂ ಕೇಳಿಲ್ಲ.