‘ಇವತ್ತು ಆಗಲ್ಲ’ ಅಂದವರ ಪಟ್ಟಿ: ಹಟ್ಟಿಗಳಲ್ಲಿ ಲಸಿಕೆ ಹಾಕಿದ ನನ್ನ ಅನುಭವ

ಯಾರಿಗೆ ಲಸಿಕೆ ಹಾಕಬೇಕು ಅನ್ನುವ ಪಟ್ಟಿ ನಮ್ಮ ಎಲ್ಲ ಸಿಸ್ಟರ್‌ಗಳ ಹತ್ತಿರವೂ ಇರುತ್ತದೆ. ಇವತ್ತು ಯಾರಿಗೆ ಹಾಕಬಾರದು, ಅವರಿಗೆ ಯಾವ ದಿನದಿಂದ ಹಾಕಬಹುದು ಅನ್ನುವ ಪಟ್ಟಿ ಇರುವುದಿಲ್ಲ. 2021ರಲ್ಲಿ ಕೊರೋನಾ ಲಸಿಕೆ ಹಾಕುವಾಗ ಚಳ್ಳಕೆರೆ ತಾಲ್ಲೂಕಿನ ನನ್ನ ಆರೋಗ್ಯ ಉಪಕೇಂದ್ರದಲ್ಲಿ ನಾನು ಬರೆದದ್ದು ಈ ಎರಡನೇ ಪಟ್ಟಿ. ‘ವಾಪಸ್ ಕಳಿಸಿದವರು ಮತ್ತೆ ಬರಲ್ಲ ಕಣೇ, ಸುಮ್ನೆ ಯಾಕೆ ಬರೀತೀಯ’ ಎಂದು ಜೊತೆಯವರೇ ಹೇಳಿದರು. ಮೀಟಿಂಗಿನಲ್ಲೂ ಅದೇ ಮಾತು. ಆದರೆ ಜನ ಬಂದರು. ವರ್ಷದ ಕೊನೆಗೆ ನನ್ನಲ್ಲಿ ಮೊದಲ ಡೋಸ್ ಬಾಕಿ ಉಳಿದವರು ಮೂವತ್ತು, ನಲವತ್ತು ಜನ ಇರಬಹುದು. ಮೂರು ಊರು, ನಾಲ್ಕು ಗೊಲ್ಲರ ಹಟ್ಟಿ ಸೇರಿಸಿ ಹೇಳುತ್ತಿದ್ದೇನೆ.

ಮಾರ್ಚ್ 1ಕ್ಕೆ 60 ದಾಟಿದವರಿಗೆ ಶುರುವಾಯಿತಲ್ಲ, ಕಷ್ಟ ಅಲ್ಲಿಂದಲೇ ಶುರು. 45ರಿಂದ 59ರವರಿಗೆ ಕಾಯಿಲೆ ಇದ್ದರೆ ಮಾತ್ರ ಎಂದಿತ್ತು. 20 ಕಾಯಿಲೆಗಳ ಪಟ್ಟಿ, ಅದಕ್ಕೆ ವೈದ್ಯರ ಸಹಿ. ಶುಗರ್ ಇದ್ದರೆ ಸಾಲದು. ಹತ್ತು ವರ್ಷಕ್ಕಿಂತ ಹಳೆಯದಾಗಿರಬೇಕು ಇಲ್ಲವೇ ತೊಡಕು ಬಂದಿರಬೇಕು, ಜೊತೆಗೆ ಬಿಪಿಗೆ ಚಿಕಿತ್ಸೆ ನಡೆಯುತ್ತಿರಬೇಕು. ಎರಡು ವರ್ಷದಿಂದ ಶುಗರ್ ಮಾತ್ರೆ ನುಂಗುವವರು ಬಿಸಿಲಲ್ಲಿ ನಡೆದು ಬಂದು ‘ನಂಗೂ ಹಾಕು ನರ್ಸಮ್ಮ’ ಎನ್ನುತ್ತಿದ್ದರು. ಆಗಲ್ಲ ಎಂದರೆ ಅವರು ಊರಿಗೆ ಒಯ್ಯುವ ಸುದ್ದಿ ಒಂದೇ: ಲಸಿಕೆ ಇಲ್ಲವಂತೆ.

ಹಾಗಾಗಿ ಒಂದು ಉದ್ದ ನೋಟ್‌ಬುಕ್ ತಂದೆ. ಮನೆ ಪ್ರಕಾರ ಬರೆಯಲಿಲ್ಲ, ತಾರೀಖಿನ ಪ್ರಕಾರ ಬರೆದೆ. ಒಂದೊಂದು ಪುಟಕ್ಕೆ ಒಂದೊಂದು ವಾರ. ವಾಪಸ್ ಹೋಗುವವರ ಹೆಸರು, ಹುಟ್ಟಿದ ಇಸವಿ, ಯಾಕೆ ಆಗಲ್ಲ, ಯಾವಾಗಿಂದ ಆಗುತ್ತದೆ. ತಾರೀಖು ಗೊತ್ತಿಲ್ಲದವರಿಗೆ ಕೊನೆಯ ಪುಟಗಳು. ಜೊತೆಗೆ ಅವರ ಕೈಗೆ ಒಂದು ಚೀಟಿ, ಅದರಲ್ಲಿ ನನ್ನ ಸಹಿ. ಸಹಿ ಇರುವ ಚೀಟಿಯನ್ನು ನಮ್ಮ ಜನ ಬಿಸಾಕುವುದಿಲ್ಲ. ರೇಷನ್ ಕಾರ್ಡಿನ ಜೊತೆ ಇಡುತ್ತಾರೆ.

ಏಪ್ರಿಲ್ 1ಕ್ಕೆ ಕಾಯಿಲೆಯ ಷರತ್ತು ಹೋಯಿತು. 1977ರ ಜನವರಿ 1ಕ್ಕಿಂತ ಮೊದಲು ಹುಟ್ಟಿದ ಎಲ್ಲರಿಗೂ ಎಂದಾಯಿತು. ಬೇರೆ ಕಡೆ ಮತ್ತೆ ಸರ್ವೆ ಶುರು ಮಾಡಿದರು. ನಾನು ಆ ಕೊನೆಯ ಪುಟ ತೆಗೆದೆ, ಹೆಸರು ಅಲ್ಲೇ ಇದ್ದವು. ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಸಂಜೆ ಫೋನ್ ಮಾಡಿದರು, ಬೆಳಿಗ್ಗೆ ಜನ ಇದ್ದರು. ಗಮನಿಸಿ, ಇಲ್ಲಿ ಹಾಕಿಸಿಕೊಳ್ಳುವ ದಿನಕ್ಕೆ 45 ತುಂಬಿರಲೇಬೇಕು ಎಂದೇನಿರಲಿಲ್ಲ. ‘ನಂಗಿನ್ನೂ ನಲವತ್ನಾಲ್ಕು’ ಎಂದು ಮನೆಯಲ್ಲಿ ಕೂತವರು ನಮ್ಮಲ್ಲಿ ಬಹಳ ಇದ್ದರು. ಅದಕ್ಕೇ ನಾನು ವಯಸ್ಸು ಕೇಳುವುದನ್ನೇ ಬಿಟ್ಟು ಇಸವಿ ಕೇಳಿದೆ. ಲಸಿಕೆ ದಾಖಲಿಸುವ ಸರ್ಕಾರಿ ಪೋರ್ಟಲ್ ಕೋವಿನ್‌ನಲ್ಲೂ ಇಸವಿಯನ್ನೇ ಹಾಕುತ್ತಿದ್ದದ್ದು, ಅಲ್ವಾ.

ಮೇ 13ಕ್ಕೆ ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 12ರಿಂದ 16 ವಾರ ಆಯಿತು. ಅದಕ್ಕೆ ಮೊದಲು ಆರರಿಂದ ಎಂಟು ವಾರ ಇತ್ತು. 84 ದಿನ ತುಂಬದೆ ಕೋವಿನ್ ತೆಗೆದುಕೊಳ್ಳುತ್ತಿರಲಿಲ್ಲ. ಆ ವಾರ ಕೆಲವು ಕಡೆ ಜಗಳವೇ ಆಯಿತು. ನನ್ನಲ್ಲೂ ಆಗುತ್ತಿತ್ತು, ಆದರೆ ಆದೇಶ ಬಂದ ರಾತ್ರಿಯೇ ಕೂತು ಎಲ್ಲ ಹೆಸರನ್ನೂ ಮುಂದಿನ ಪುಟಗಳಿಗೆ ಸಾಗಿಸಿ, ಹೊಸ ಚೀಟಿ ಕಳಿಸಿದ್ದೆ. ಅದೇ ತಿಂಗಳು 18ರಿಂದ 44ರವರಿಗೆ ಶುರುವಾಗಿ, ಲಸಿಕೆ ಇಲ್ಲದೆ ನಿಂತುಹೋಯಿತು. ಅವರ ಹೆಸರನ್ನೂ ಬರೆದಿಟ್ಟೆ. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಎಂದಾಗ ಅದು ಕೆಲಸಕ್ಕೆ ಬಂತು.

ಎರಡನೇ ಡೋಸಿನಲ್ಲಿ ಇನ್ನೊಂದು ತೊಂದರೆ. ಮೊದಲ ಡೋಸಿಗೆ ಮಗನ ಮೊಬೈಲ್ ನಂಬರ್ ಕೊಟ್ಟವರು ಎರಡನೇ ಡೋಸಿಗೆ ಅಳಿಯನ ನಂಬರ್ ಕೊಟ್ಟರೆ ಅದು ಮತ್ತೆ ಮೊದಲ ಡೋಸ್ ಎಂದೇ ದಾಖಲಾಗುತ್ತಿತ್ತು. ಆಗ ಒಂದು ನಂಬರಿಗೆ ನಾಲ್ಕೇ ಜನ ಬೇರೆ. ಚೀಟಿಯ ಹಿಂದೆ ಯಾವ ನಂಬರ್, ಯಾವ ಕಾರ್ಡ್ ಎಂದು ಬರೆಯತೊಡಗಿದೆ. ಕುರಿ ಕಾಯುವವರಿಗೆ ಇದು ತುಂಬಾ ಅನುಕೂಲ ಆಯಿತು. 84 ದಿನ ತುಂಬುವಾಗ ಅವರು ಭದ್ರಾ ನಾಲೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಿರುತ್ತಾರೆ. ಚೀಟಿ ತೋರಿಸಿ ದಾವಣಗೆರೆ ಕಡೆಯೇ ಹಾಕಿಸಿಕೊಂಡು, ನನಗೆ ಫೋನ್ ಮಾಡಿ ಹೇಳಿದವರಿದ್ದಾರೆ.

ಹಟ್ಟಿಗಳ ವಿಷಯ ಸ್ವಲ್ಪ ಹೇಳಲೇಬೇಕು. ಕೆಲವು ಹಟ್ಟಿಗಳಲ್ಲಿ ಬಾಣಂತಿಯರನ್ನು ಇನ್ನೂ ಹೊರಗಿನ ಗುಡಿಸಲಲ್ಲಿ ಇಡುತ್ತಾರೆ. ಮೇ 19ಕ್ಕೆ ಹಾಲುಣಿಸುವ ತಾಯಂದಿರಿಗೂ ಹಾಕಬಹುದು ಎಂದಾಯಿತು, ಜುಲೈ 2ಕ್ಕೆ ಬಸುರಿಯರಿಗೂ. ಮನೆ ಮನೆ ಪಟ್ಟಿ ಹಿಡಿದು ಹೋದವರಿಗೆ ಈ ಹೆಂಗಸರು ಸಿಗುವುದೇ ಇಲ್ಲ, ಯಾಕೆಂದರೆ ಅವರು ಮನೆಯಲ್ಲಿ ಇರುವುದಿಲ್ಲ. ನನ್ನದು ತಾರೀಖಿನ ಪಟ್ಟಿ, ತಾಯಿ ಕಾರ್ಡಿನಿಂದ ಹೆರಿಗೆ ದಿನ ತೆಗೆದು ಬರೆದದ್ದು. ನೇರ ಗುಡಿಸಲಿಗೇ ಹೋದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತೆ. ಆ ಹೆಣ್ಣುಮಕ್ಕಳನ್ನು ಎಣಿಕೆಯಿಂದ ಬಿಡಬಾರದು ಅನ್ನುವುದು ನನಗೆ ಬಹಳ ಮುಖ್ಯವಾಗಿತ್ತು. ಹಟ್ಟಿಯ ಹಿರಿಯರನ್ನು ಹೇಗೆ ಒಪ್ಪಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎಲ್ಲ ಪ್ರಯತ್ನವೂ ಹಿಡಿಯಲಿಲ್ಲ. ಪಲ್ಸ್ ಪೋಲಿಯೋ ಥರ ಬಾಗಿಲಿಗೆ ಗುರುತು ಹಾಕಿ ನೋಡಿದೆವು. ಬಾಕಿ ಇದ್ದ ಮನೆಯವರು ಅವಮಾನ ಎಂದು ಅಳಿಸಿಬಿಟ್ಟರು. ಡಂಗುರ ಹೊಡೆಸಿದೆವು. ಅರ್ಹರಲ್ಲದವರೇ ಜಾಸ್ತಿ ಬಂದರು. ಜ್ವರ ಬಂದರೆ ಮಾರನೇ ದಿನದ ಕೆಲಸ ಹೋಗುತ್ತದೆ ಅನ್ನುವುದೇ ದೊಡ್ಡ ಹೆದರಿಕೆ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಅದಕ್ಕೆ ಒಂದು ಊರಿನಲ್ಲಿ ಭಾನುವಾರ ಸಂಜೆ ಹಾಕಿ ನೋಡಿದೆ. ಶೇಂಗಾ ಬಿತ್ತನೆ ಹೊತ್ತಲ್ಲೂ ಗಂಡಸರು ಬಂದರು. ನಮ್ಮ ಭಾನುವಾರ ಹೋಯಿತು, ನಿಜ.

ದುಡ್ಡಿನ ಮಾತು. ಆ ವರ್ಷ ಪೆಟ್ರೋಲ್ ನೂರು ದಾಟಿತ್ತು. ನನ್ನ ಸ್ಕೂಟಿಗೆ, ಚೀಟಿಯ ಜೆರಾಕ್ಸಿಗೆ, ಫೋನ್ ರೀಚಾರ್ಜಿಗೆ, ಮುದುಕರನ್ನು ಕರೆತಂದ ಆಟೋಗೆ ಸೇರಿ ಎಂಟೊಂಬತ್ತು ಸಾವಿರ ಕೈಯಿಂದ ಹೋಗಿರಬೇಕು. ಬಿಲ್ ಕೊಟ್ಟೆ, ಅರ್ಧವೂ ಬರಲಿಲ್ಲ. ಆಶಾ ಅಕ್ಕನ ಖರ್ಚಿಗೆ ಬಿಲ್ ಕೂಡ ಇಲ್ಲ. ಉಳಿತಾಯ ಆದದ್ದು ಲಸಿಕೆಯಲ್ಲಿ. ಕೋವಿಶೀಲ್ಡ್ ವಯಲ್ ಅಂದರೆ ಲಸಿಕೆಯ ಶೀಶೆ ತೆರೆದರೆ ಹತ್ತು ಡೋಸ್, ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಸಂಜೆ ಏಳೇ ಜನ ಇದ್ದರೆ ಏನು ಮಾಡುತ್ತೀರಿ? ನಾನು ಆ ವಾರದ ಪುಟ ತೆಗೆದು, ಹತ್ತಿರದ ಮೂವರಿಗೆ ಫೋನ್ ಮಾಡುತ್ತಿದ್ದೆ. ನನ್ನಲ್ಲಿ ಡೋಸ್ ಹಾಳಾದದ್ದು ಬಹಳ ಕಡಿಮೆ. ಆ ಮೂವರನ್ನು ಯಾವ ಗುರುತಿನಿಂದ ಆರಿಸುತ್ತಿದ್ದೆ ಅನ್ನುವುದು ನನಗೂ ನಮ್ಮ ಆಶಾ ಅಕ್ಕನಿಗೂ ಮಾತ್ರ ಗೊತ್ತು.

ಅನುಮಾನಪಟ್ಟವರು ನೋಟ್‌ಬುಕ್ ಕೇಳಿಕೊಂಡು ಬಂದದ್ದು 2022ರ ಮಾರ್ಚ್ 16ರ ನಂತರ, 12ರಿಂದ 14ರ ಮಕ್ಕಳಿಗೆ ಕೋರ್ಬೆವ್ಯಾಕ್ಸ್ ಲಸಿಕೆ ಬಂದಾಗ. 2010ರಲ್ಲಿ ಹುಟ್ಟಿದ ಮಗುವನ್ನು ಕೋವಿನ್ ಇಸವಿ ನೋಡಿ ಸೇರಿಸಿಕೊಳ್ಳುತ್ತಿತ್ತು. ಆದರೆ ಹಾಕುವ ದಿನಕ್ಕೆ 12 ತುಂಬಿರಬೇಕಿತ್ತು, ನೋಡುವ ಜವಾಬ್ದಾರಿ ಚುಚ್ಚುವವರದ್ದು. ವಯಲಿಗೆ 20 ಡೋಸ್. ನಾನು ಶಾಲೆಯ ದಾಖಲಾತಿ ಪುಸ್ತಕದಿಂದ ಹುಟ್ಟಿದ ದಿನ ಇಳಿಸಿಕೊಂಡು, ತಿಂಗಳ ಪ್ರಕಾರ ಪುಟ ಮಾಡಿದೆ. ಬೇಸಿಗೆ ರಜೆಯಲ್ಲಿ 12 ತುಂಬಿದವರನ್ನು ಅಂಗನವಾಡಿಗೆ ಕರೆಸಿದೆವು. ಶಾಲೆ ತೆರೆದ ಮೇಲೆ ತುಂಬಿದವರಿಗೆ ಶಾಲೆಯಲ್ಲೇ, ಇಪ್ಪತ್ತು ಮಕ್ಕಳು ಕೂಡಿದಾಗ ಹಾಕಿದೆವು. ಪಕ್ಕದ ಎರಡು ಉಪಕೇಂದ್ರದವರು ಆ ಪುಟಗಳನ್ನು ಹಾಗೇ ಫೋಟೊ ತೆಗೆದುಕೊಂಡು ಹೋಗಿ, ತಮ್ಮ ಶಾಲೆಗಳಿಗೂ ಅದೇ ರೀತಿ ಬರೆದುಕೊಂಡರು.