ಮಾಯದ ಹುಣ್ಣಿಗೆ ಎಂಥ ಊಟ ಕೊಡಬೇಕು?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಾಗಲಿ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಾಗಲಿ ತಿಂಗಳು ಕಳೆದರೂ ಮಾಯದಿದ್ದಾಗ, ಧಾರವಾಡ, ಗದಗ, ಹಾವೇರಿ ಕಡೆಯ ಅನೇಕ ಮನೆಗಳಲ್ಲಿ ಪಥ್ಯ ಆರಂಭವಾಗುತ್ತದೆ. ಬೇಳೆ, ಶೇಂಗಾ, ತತ್ತಿ ತಿಂದರೆ ಕೀವಾಗುತ್ತದೆಂದು ಹಿರಿಯರು ಕಾಳಜಿಯಿಂದಲೇ ಅವನ್ನೆಲ್ಲ ಬಿಡಿಸಿ, ಬರೀ ಗಂಜಿ ಮತ್ತು ತಿಳಿಸಾರು ಕೊಡುತ್ತಾರೆ. ಆದರೆ ಕೀವಾಗುವುದು ಸೋಂಕಿನಿಂದ, ಬೇಳೆಯಿಂದಲ್ಲ. ಹೊಸ ಮಾಂಸ ಬೆಳೆಯಲು ಪ್ರೋಟೀನ್ ಬೇಕು; ಹುಣ್ಣಿನಿಂದ ಒಸರುವ ನೀರಿನಲ್ಲಿಯೂ ಅದು ದಿನವೂ ಸೋರಿಹೋಗುತ್ತಿರುತ್ತದೆ. ಆದ್ದರಿಂದ ಈ ಪಥ್ಯವನ್ನು ಮೊದಲು ಬಿಡಿಸಬೇಕು.

ಸೊರಗಿದ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಎಂದರೆ 50 ಕಿಲೋ ತೂಗುವವರಿಗೆ 62ರಿಂದ 75 ಗ್ರಾಂ. ಇದಕ್ಕೆ ದುಬಾರಿ ಪುಡಿ ಬೇಕೆಂದೇನೂ ಇಲ್ಲ. ಎರಡು ಜೋಳದ ರೊಟ್ಟಿ, 50 ಗ್ರಾಂ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ರಾತ್ರಿ ಅನ್ನದೊಡನೆ ಅಷ್ಟೇ ತೊಗರಿಬೇಳೆಯ ಗಟ್ಟಿ ಸಾರು, ಎರಡು ತತ್ತಿ, ಹಾಲು-ಮೊಸರು ಸೇರಿ ಎರಡು ಲೋಟ, ಒಂದು ಹಿಡಿ ಶೇಂಗಾದ ಚಟ್ನಿ, ಇಷ್ಟಾದರೆ 60 ಗ್ರಾಂ ದಾಟುತ್ತದೆ. ತತ್ತಿ ತಿನ್ನದವರು ಕಾಳು ಮತ್ತು ಮೊಸರನ್ನು ಹೆಚ್ಚಿಸಬೇಕು. ಒಮ್ಮೆಲೇ ಉಣ್ಣಲಾಗದವರಿಗೆ ಇದನ್ನೇ ಐದಾರು ಸಲ ಸ್ವಲ್ಪಸ್ವಲ್ಪವಾಗಿ ಕೊಡಿರಿ. ಹೊಟ್ಟೆ ತುಂಬದಿದ್ದರೆ ದೇಹವು ಆ ಪ್ರೋಟೀನನ್ನೂ ಶಕ್ತಿಗಾಗಿ ಉರಿಸಿಬಿಡುತ್ತದೆ.

ಹುಣ್ಣು ಮಾಯಲು ಬೇಕಾದ ಸಿ ಜೀವಸತ್ವಕ್ಕೆ ಪೇರಲ, ನೆಲ್ಲಿಕಾಯಿ ಉತ್ತಮ. ಲಿಂಬೆಹಣ್ಣನ್ನು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿರಿ. ಸತುವಿನ (ಝಿಂಕ್) ಗುಳಿಗೆಯನ್ನು ತಾವಾಗಿಯೇ ನುಂಗುವುದು ಬೇಡ, ಅತಿಯಾದರೆ ಅದು ತಾಮ್ರದ ಕೊರತೆ ತರುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ರಕ್ತದ ಸಕ್ಕರೆ ಇಳಿಸಲೆಂದು ಉಪವಾಸ ಮಾಡಬಾರದು. ಹೆಚ್ಚಿದ ಊಟಕ್ಕೆ ತಕ್ಕಂತೆ ಔಷಧಿಯನ್ನು ವೈದ್ಯರಿಂದ ಹೊಂದಿಸಿಕೊಳ್ಳಬೇಕು. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆಂಬ ನಂಬಿಕೆಯೂ ಸರಿಯಲ್ಲ, ಅದರಲ್ಲಿಯೂ ಪಿಷ್ಟವೇ ಹೆಚ್ಚು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಅಪಾಯಕಾರಿಯಾಗಬಹುದು. ಅವರು ವೈದ್ಯರನ್ನು ಕೇಳದೆ ಏನನ್ನೂ ಹೆಚ್ಚಿಸಬಾರದು.

ವಾರಕ್ಕೊಮ್ಮೆ ರೋಗಿಯ ತೂಕ ನೋಡಿ, ಹುಣ್ಣಿನ ಉದ್ದ-ಅಗಲ ಬರೆದಿಡಿರಿ. ಊಟ ಎಷ್ಟೇ ಚೆನ್ನಾಗಿದ್ದರೂ ಡ್ರೆಸ್ಸಿಂಗ್ ತಪ್ಪಿಸಬಾರದು, ಹುಣ್ಣಿನ ಮೇಲೆ ಭಾರ ಬೀಳಗೊಡಬಾರದು. ತೂಕ ಇಳಿಯುತ್ತಿದ್ದರೆ ಆ ಬರಹದೊಡನೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗಾಗಲಿ ನಿಮ್ಮ ಜಿಲ್ಲಾ ಆಸ್ಪತ್ರೆಗಾಗಲಿ ಹೋಗಿ ತೋರಿಸಿರಿ. ಜ್ವರ ಬಂದರೆ, ದುರ್ವಾಸನೆ ಹೊಡೆದರೆ ಅಥವಾ ಹುಣ್ಣಿನ ಸುತ್ತಲಿನ ಚರ್ಮ ಕೆಂಪಾಗುತ್ತ ಹರಡಿದರೆ ಅದೇ ದಿನ ಕರೆದೊಯ್ಯಿರಿ.